ಹಳದಿಗಟ್ಟಿದ ಗೇಮ್ ಕನ್ಸೋಲ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹಳೆಯ ವಿಡಿಯೋ ಗೇಮ್ ಕನ್ಸೋಲ್‌ಗಳ ಪ್ಲಾಸ್ಟಿಕ್ ಹಳದಿಯಾಗುವುದರ ಬಗ್ಗೆ ಬಂದ ಪತ್ರಗಳಿಗೆ ಈ ಸಂಚಿಕೆಯನ್ನು ಮೀಸಲಿಟ್ಟಿದ್ದೇವೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದರೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಸೂಪರ್ ನಿಂಟೆಂಡೊದ ಮೇಲಿನ ಕವರ್ ಪೂರ್ತಿ ಹಳದಿ. ಕೆಳಗಿನ ಅರ್ಧ ಮಾತ್ರ ಮೊದಲಿನ ಬೂದುಬಣ್ಣದಲ್ಲೇ ಇದೆ. ಬಿಸಿಲಿಗೆ ಇಟ್ಟೇ ಇಲ್ಲ. ಯಾರಾದರೂ ಬೇರೆ ಮೆಷಿನ್ನಿನ ಕವರ್ ಹಾಕಿ ಕೊಟ್ಟಿರಬಹುದೇ?

ಉತ್ತರ: ಹಾಗೇನೂ ಇರಬೇಕಿಲ್ಲ. 1990ರಲ್ಲಿ ಜಪಾನಿನಲ್ಲಿ, 1991ರಲ್ಲಿ ಅಮೆರಿಕದಲ್ಲಿ ಬಂದ ಈ ಕನ್ಸೋಲ್‌ನ ಮೊದಮೊದಲ ಮೆಷಿನ್‌ಗಳಲ್ಲಿ ಇಂಥ ಎರಡು ಬಣ್ಣ ತೀರಾ ಸಾಮಾನ್ಯ. ಮೇಲಿನ ಅರ್ಧ ಒಂದು ಬ್ಯಾಚಿನ ಪ್ಲಾಸ್ಟಿಕ್ಕಿನಿಂದ, ಕೆಳಗಿನದು ಇನ್ನೊಂದು ಬ್ಯಾಚಿನಿಂದ ಅಚ್ಚಾಗಿರುತ್ತದೆ. ಹೊಸದರಲ್ಲಿ ಎರಡರ ಬಣ್ಣವೂ ಒಂದೇ ಆಗಿದ್ದರೂ ಒಳಗೆ ಬೆರೆಸಿದ ರಾಸಾಯನಿಕಗಳು ಒಂದೇ ಅಲ್ಲ. ವ್ಯತ್ಯಾಸ ಕಣ್ಣಿಗೆ ಬೀಳುವುದು ವರ್ಷಗಳು ಕಳೆದ ಮೇಲೆ.

ಪ್ಲಾಸ್ಟಿಕ್ಕು ಎಬಿಎಸ್. ಅಂದರೆ ಅಕ್ರಿಲೋನೈಟ್ರೈಲ್, ಬ್ಯುಟಡೈಯೀನ್, ಸ್ಟೈರೀನ್ ಮೂರೂ ಸೇರಿದ್ದು. ಇದರಲ್ಲಿ ಬ್ಯುಟಡೈಯೀನ್ ರಬ್ಬರಿನಂಥ ಭಾಗ. ಬಿದ್ದರೂ ಕವರ್ ಒಡೆಯದಿರುವುದು ಅದರಿಂದಲೇ, ಆದರೆ ಗಾಳಿಯ ಆಮ್ಲಜನಕಕ್ಕೆ ಮೊದಲು ಬಲಿಯಾಗುವುದೂ ಅದೇ. ಬೆಳಕಿನಲ್ಲಿರುವ ನೇರಳಾತೀತ ಕಿರಣ, ಅಂದರೆ ಯುವಿ, ಈ ಕೆಲಸವನ್ನು ಚುರುಕುಗೊಳಿಸುತ್ತದೆ. ಬೆಂಕಿ ಹತ್ತದಿರಲಿ ಎಂದು ಬೆರೆಸುತ್ತಿದ್ದ ಬ್ರೋಮಿನ್ ಸಂಯುಕ್ತಗಳದ್ದೂ ಇದರಲ್ಲಿ ಪಾಲಿದೆ. ಎಲ್ಲ ತಪ್ಪನ್ನೂ ಬ್ರೋಮಿನ್ನಿನ ತಲೆಗೆ ಕಟ್ಟುವುದು ರೂಢಿಯಾಗಿಬಿಟ್ಟಿದೆ, ಆದರೆ ಅದಿಲ್ಲದ ಎಬಿಎಸ್ ಕೂಡ ಹಳದಿಯಾಗುತ್ತದೆ. ಬಿಸಿಲೇ ಕಾಣದೆ ಪೆಟ್ಟಿಗೆಯೊಳಗೆ ಇದ್ದದ್ದೂ ಆಗುತ್ತದೆ, ನಿಧಾನವಾಗಿ. ಕವರ್ ಬಿಚ್ಚಿ ಒಳಮೈ ನೋಡಿ: ಹೊರಗಿನಷ್ಟಲ್ಲದಿದ್ದರೂ ಅಲ್ಲೂ ಹಳದಿ ಕಂಡರೆ ನಿಮ್ಮದು ಬರೀ ಬೆಳಕಿನ ಕೆಲಸವಲ್ಲ. ಅಂಥ ಕವರ್ ಬೆಳ್ಳಗಾದ ಮೇಲೂ ಬೇಗ ಹಳದಿಗೆ ಮರಳುವ ಸಂಭವ ಹೆಚ್ಚು.

ಪ್ರಶ್ನೆ: ಹಳದಿಯೋ ಬರೀ ಕೊಳೆಯೋ ಎಂದು ತಿಳಿಯುವುದು ಹೇಗೆ?

ಉತ್ತರ: ತೊಳೆದು ನೋಡುವುದೊಂದೇ ದಾರಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಗಾಳಿಕಿಂಡಿಯ ಸಂದುಗಳನ್ನೂ ಬಿಡದೆ ಉಜ್ಜಿ. ಸಿಗರೇಟಿನ ಹೊಗೆ ಹಿಡಿದಿದ್ದರೆ ನೊರೆ ಕಂದುಬಣ್ಣಕ್ಕೆ ತಿರುಗುತ್ತದೆ. ಅಂಟು ಉಳಿದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿಕೊಂಡು ಒರೆಸಿ, ಅಚ್ಚಾದ ಅಕ್ಷರಗಳ ಮೇಲೆ ಮಾತ್ರ ಬೇಡ. ಥಿನ್ನರ್, ಅಸಿಟೋನ್, ಉಗುರುಬಣ್ಣ ತೆಗೆಯುವ ದ್ರಾವಣ ಹತ್ತಿರಕ್ಕೂ ತರಬೇಡಿ, ಎಬಿಎಸ್ ಅವುಗಳಲ್ಲಿ ಕರಗುತ್ತದೆ. ಬಿಳಿಯ ಮೆಲಮೈನ್ ಸ್ಪಂಜು ಕೊಳೆಯನ್ನು ಚೆನ್ನಾಗಿ ತೆಗೆಯುತ್ತದೆ, ಆದರೆ ಅದು ತೀರಾ ನಯವಾದ ಮರಳುಕಾಗದವೇ ಸರಿ. ಕವರಿನ ಮೇಲಿನ ಸಣ್ಣ ತರಿತರಿಯನ್ನು ಸವೆಸಿ ಅಲ್ಲಲ್ಲಿ ಹೊಳಪು ತರಿಸುತ್ತದೆ.

ಈ ತೊಳೆಯುವಿಕೆಯನ್ನು ಹಾರಿಸಿ ನೇರ ಪೆರಾಕ್ಸೈಡಿಗೆ, ಅಂದರೆ ಹಳದಿ ತೆಗೆಯುವ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣಕ್ಕೆ, ಇಳಿಯುವವರೇ ಜಾಸ್ತಿ. ಬೆರಳಿನ ಜಿಡ್ಡು ಇದ್ದಲ್ಲಿ ದ್ರಾವಣ ಸರಿಯಾಗಿ ತಾಗುವುದಿಲ್ಲ. ಕೊನೆಗೆ ಕೈಗುರುತುಗಳೇ ಹಳದಿ ಮಚ್ಚೆಗಳಾಗಿ ಉಳಿಯುತ್ತವೆ.

ಪ್ರಶ್ನೆ: ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿಡುವ ವಿಧಾನವನ್ನು ಮೊದಲಿನಿಂದ ಕೊನೆಯವರೆಗೆ ತಿಳಿಸಿ. ಎಷ್ಟು ಶೇಕಡಾ, ಎಷ್ಟು ಹೊತ್ತು?

ಉತ್ತರ: ಶೇ 6 ಸಾಕು. ಶೇ 3ರಲ್ಲೂ ಆಗುತ್ತದೆ, ಹೊತ್ತು ಹಿಡಿಯುತ್ತದೆ ಅಷ್ಟೆ. ಶೇ 12 ಬೇಗ ಮಾಡುತ್ತದೆ ಎಂಬ ಆಸೆಗೆ ಬೀಳಬೇಡಿ. ಈ ಕೆಲಸದಲ್ಲಿ ವೇಗಕ್ಕೆ ಬೆಲೆಯಿಲ್ಲ, ಇಡೀ ಕವರ್ ಒಂದೇ ಸಮನಾಗಿ ಬಿಳುಪಾಗುವುದಕ್ಕೆ ಬೆಲೆ. ಬೇಗ ಆಗುವ ಕಡೆ ಅಂಕೆ ತಪ್ಪುವುದೂ ಬೇಗ.

ಮೊದಲು ಕನ್ಸೋಲ್ ಪೂರ್ತಿ ಬಿಚ್ಚಿ, ಪ್ಲಾಸ್ಟಿಕ್ ಮಾತ್ರ ಉಳಿಯಬೇಕು. ಸ್ಕ್ರೂ, ಸ್ಪ್ರಿಂಗ್, ಲೋಹದ ತಗಡು, ರಬ್ಬರ್ ಪಾದ ಎಲ್ಲವನ್ನೂ ತೆಗೆಯಿರಿ. ಸೂಪರ್ ನಿಂಟೆಂಡೊದ ಕ್ಯಾಸೆಟ್ ಬಾಯಿಯ ಮುಚ್ಚಳಕ್ಕೆ ಸಣ್ಣ ಸ್ಪ್ರಿಂಗೊಂದಿದೆ, ಅದನ್ನು ಮರೆಯುವವರು ಬಹಳ. ಲೋಹ ದ್ರಾವಣದಲ್ಲಿದ್ದರೆ ಎರಡು ತೊಂದರೆ: ತಾನೂ ತುಕ್ಕು ಹಿಡಿಯುತ್ತದೆ, ಪೆರಾಕ್ಸೈಡನ್ನೂ ಬೇಗ ಒಡೆದು ಹಾಕುತ್ತದೆ. ಪಕ್ಕದ ಪ್ಲಾಸ್ಟಿಕ್ಕಿಗೆ ತುಕ್ಕಿನ ಕಲೆ ಬೇರೆ. ಹಾಗಾಗಿ ಸ್ಟೀಲ್, ಅಲ್ಯೂಮಿನಿಯಂ ಪಾತ್ರೆ ಬೇಡ. ಪ್ಲಾಸ್ಟಿಕ್ ಟಬ್ಬು, ಇಲ್ಲವೇ ಗಾಜಿನ ತೊಟ್ಟಿ.

ಟಬ್ಬು ಕವರಿಗಿಂತ ಸ್ವಲ್ಪವೇ ದೊಡ್ಡದಿದ್ದರೆ ದ್ರಾವಣ ಉಳಿಯುತ್ತದೆ. 30 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲದ ಟಬ್ಬಿನಲ್ಲಿ 8 ಸೆಂ.ಮೀ. ಆಳಕ್ಕೆ 6 ಲೀಟರ್ ಹಿಡಿಯುತ್ತದೆ, ಸೂಪರ್ ನಿಂಟೆಂಡೊದ ಮೇಲಿನ ಕವರ್ ಅದರಲ್ಲಿ ಮುಳುಗುತ್ತದೆ. ಕವರನ್ನು ಓರೆಯಾಗಿ ನಿಧಾನಕ್ಕೆ ಇಳಿಸಿ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರಲಿ. ಎಬಿಎಸ್ ನೀರಿಗಿಂತ ಕೊಂಚ ಭಾರ, ತಾನಾಗಿಯೇ ಮುಳುಗಬೇಕು. ಆದರೆ ಸ್ವಲ್ಪ ಹೊತ್ತಿಗೆ ಮೈಗೆಲ್ಲ ಆಮ್ಲಜನಕದ ಗುಳ್ಳೆಗಳು ಅಂಟಿಕೊಂಡು ಅದನ್ನು ಮೇಲಕ್ಕೆತ್ತುತ್ತವೆ. ಗಾಜಿನ ಲೋಟವನ್ನೋ ನೀರು ತುಂಬಿದ ಸಣ್ಣ ಬಾಟಲಿಯನ್ನೋ ಕಾಣದ ಒಳಭಾಗದ ಮೇಲೆ ಇಟ್ಟು ಒತ್ತಿ ಹಿಡಿಸಿ. ಕಾಣುವ ಮೈ ಬೆಳಕಿನ ಕಡೆ ಇರಬೇಕಾದಾಗ ಭಾರವನ್ನು ಮೂಲೆಯಲ್ಲಿಡಿ, ಗಂಟೆಗೊಮ್ಮೆ ಜಾಗ ಬದಲಿಸಿ. ಇಲ್ಲದಿದ್ದರೆ ಅದರ ನೆರಳೇ ಹಳದಿ ವೃತ್ತವಾಗಿ ಉಳಿಯುತ್ತದೆ.

ಟಬ್ಬಿನ ಬಾಯಿಗೆ ಕ್ಲಿಂಗ್ ಫಿಲ್ಮ್ (ಆಹಾರ ಸುತ್ತಿಡುವ ತೆಳು ಪ್ಲಾಸ್ಟಿಕ್ ಹಾಳೆ) ಸಡಿಲವಾಗಿ ಹೊದಿಸಿ, ಒಂದು ಮೂಲೆ ತೆರೆದಿರಲಿ. ಬಿಗಿ ಮುಚ್ಚಳ ಬೇಡ. ದಪ್ಪ ಪಾಲಿಕಾರ್ಬೊನೇಟ್ ಮುಚ್ಚಳವಂತೂ ಬೇಡವೇ ಬೇಡ, ನೋಡಲು ಪಾರದರ್ಶಕವಾದರೂ ಅದು ಯುವಿಯ ಬಹುಪಾಲನ್ನು ತಡೆಯುತ್ತದೆ. ಬಿಸಿಲಿನಲ್ಲಿಡಿ. ಅರ್ಧ ಗಂಟೆಗೊಮ್ಮೆ ಗ್ಲೌಸ್ ಹಾಕಿದ ಕೈಯಿಂದ ಕವರಿನ ಮೈ ಸವರಿ ಗುಳ್ಳೆ ಓಡಿಸಿ, ಗಂಟೆಗೊಮ್ಮೆ ಟಬ್ಬನ್ನು ಕಾಲು ಸುತ್ತು ತಿರುಗಿಸಿ. ಒಳ್ಳೆಯ ಬಿಸಿಲಿದ್ದರೆ 4ರಿಂದ 8 ಗಂಟೆ ಬೇಕಾಗಬಹುದು. ತೀರಾ ಕಂದುಗಟ್ಟಿದ್ದಕ್ಕೆ ಎರಡು ದಿನವೂ ಹಿಡಿಯಬಹುದು. ಸಂಜೆ ತೆಗೆದು ತೊಳೆದು, ಮರುದಿನ ಮುಂದುವರಿಸಿದರೆ ಏನೂ ಕೆಡುವುದಿಲ್ಲ.

ನಿಲ್ಲಿಸಬೇಕಾದ್ದು ಯಾವಾಗ ಎಂಬುದೇ ಇಲ್ಲಿ ಕಷ್ಟದ ಭಾಗ. ಒದ್ದೆ ಪ್ಲಾಸ್ಟಿಕ್ಕಿನ ಬಣ್ಣ ನಂಬಬೇಡಿ. ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ನೆರಳಿನಲ್ಲಿ ಹೋಲಿಸಿ. ಹೋಲಿಸಲು ಅಳತೆಗೋಲು ಬೇಕು: ಹಳದಿಯಾಗದ ಕೆಳಕವರ್, ಸ್ಟಿಕ್ಕರಿನ ಅಡಿಯ ಜಾಗ, ಅಥವಾ ಕಂಟ್ರೋಲರ್ ಬಿಚ್ಚಿದರೆ ಸಿಗುವ ಒಳಮೈ. ಮೂಲ ಬಣ್ಣಕ್ಕಿಂತ ಒಂದು ಎಳೆ ಹಳದಿ ಇರುವಾಗಲೇ ನಿಲ್ಲಿಸುವವರು ಜಾಣರು. ಉಳಿದ ಹಳದಿಯನ್ನು ನಾಳೆ ತೆಗೆಯಬಹುದು, ಹೋದ ಬಣ್ಣವನ್ನು ತರಲಾಗುವುದಿಲ್ಲ.

ಪ್ರಶ್ನೆ: ನನ್ನಲ್ಲಿರುವುದು ಶೇ 35ರ ಪೆರಾಕ್ಸೈಡ್. ಹೇಗೆ ತೆಳು ಮಾಡಲಿ?

ಉತ್ತರ: 100 ಮಿ.ಲೀ.ಗೆ 550 ಮಿ.ಲೀ. ನೀರು ಸೇರಿಸಿದರೆ ಹೆಚ್ಚುಕಡಿಮೆ ಶೇ 6 ಆಗುತ್ತದೆ. 6 ಲೀಟರ್ ಬೇಕಿದ್ದರೆ 920 ಮಿ.ಲೀ. ಪೆರಾಕ್ಸೈಡ್, ಉಳಿದದ್ದು ನೀರು. ಶೇ 12 ಬೇಕೇ ಬೇಕು ಎನ್ನುವವರು 100ಕ್ಕೆ 220 ಮಿ.ಲೀ. ನೀರು ಹಾಕಲಿ. ಡಿಸ್ಟಿಲ್ಡ್ ನೀರು ಒಳ್ಳೆಯದು. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ದ್ರಾವಣದ ಕಸುವು ಬೇಗ ಇಳಿಯುತ್ತದೆ. ಟಬ್ಬಿಗೆ ಮೊದಲು ನೀರು, ಆಮೇಲೆ ಪೆರಾಕ್ಸೈಡ್.

ಶೇ 35 ಆಟದ ವಸ್ತುವಲ್ಲ. ಚರ್ಮಕ್ಕೆ ತಾಗಿದ ಜಾಗ ಕ್ಷಣದಲ್ಲಿ ಬೆಳ್ಳಗಾಗಿ ಉರಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ನೈಟ್ರೈಲ್ ಗ್ಲೌಸ್, ಬದಿಗಳೂ ಮುಚ್ಚುವ ಕನ್ನಡಕ, ಉದ್ದ ತೋಳಿನ ಹಳೆಯ ಅಂಗಿ ಹಾಕಿಕೊಳ್ಳಿ. ತಾಗಿದರೆ ಧಾರಾಳ ನೀರಿನಲ್ಲಿ ತೊಳೆಯಿರಿ. ಕಣ್ಣಿಗಾದರೆ 15 ನಿಮಿಷ ನೀರು ಹರಿಸುತ್ತಲೇ ಇದ್ದು ವೈದ್ಯರ ಬಳಿ ಹೋಗಿ. ಬಟ್ಟೆಗೋ ಕಾಗದಕ್ಕೋ ಚೆಲ್ಲಿ ಹಾಗೇ ಬಿಟ್ಟರೆ ಒಣಗುತ್ತಾ ಬೆಂಕಿಯೂ ಹೊತ್ತಿಕೊಳ್ಳಬಹುದು.

ಇನ್ನೊಂದು ಲೆಕ್ಕ ತಿಳಿದಿರಲಿ. ಕೂದಲಿಗೆ ಬಣ್ಣ ಹಾಕುವವರ ಡೆವಲಪರ್ ಬಾಟಲಿಯ ಮೇಲೆ '40 ವಾಲ್ಯೂಮ್' ಎಂದಿರುತ್ತದಲ್ಲ, ಅದು ಶೇ 12. ಅಂದರೆ ಒಂದು ಲೀಟರ್ ದ್ರಾವಣ ಪೂರ್ತಿ ಒಡೆದರೆ 40 ಲೀಟರ್ ಆಮ್ಲಜನಕ ಹೊರಬರುತ್ತದೆ. ಬಿಗಿ ಮುಚ್ಚಳ ಬೇಡ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಪ್ರಶ್ನೆ: ಡೆವಲಪರ್ ಕ್ರೀಮ್ ಹಚ್ಚಿ ಕ್ಲಿಂಗ್ ಫಿಲ್ಮ್ ಸುತ್ತಿ ಬಿಸಿಲಿಗಿಟ್ಟೆ. ಈಗ ಕವರಿನ ಮೇಲೆ ಅಮೃತಶಿಲೆಯಂತೆ ಬಿಳಿ ಪಟ್ಟೆಗಳು ಬಂದಿವೆ. ಹೋಗಲಾಡಿಸುವುದು ಹೇಗೆ?

ಉತ್ತರ: ಅತಿ ಹೆಚ್ಚು ಪತ್ರಗಳು ಬಂದದ್ದು ಇದೇ ದೂರಿನೊಂದಿಗೆ. ಕ್ರೀಮಿನ ಪದರ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಫಿಲ್ಮಿನಲ್ಲಿ ಸುಕ್ಕು ಬಿದ್ದ ಕಡೆ ಕ್ರೀಮ್ ಗುಡ್ಡೆಯಾಗುತ್ತದೆ, ಗುಳ್ಳೆ ಎದ್ದ ಕಡೆ ಪ್ಲಾಸ್ಟಿಕ್ಕಿಗೆ ಕ್ರೀಮೇ ತಾಗುವುದಿಲ್ಲ, ಅಂಚಿನಲ್ಲಿ ಒಣಗಿ ಹೋಗುತ್ತದೆ. ಒಂದೊಂದು ಕಡೆ ಒಂದೊಂದು ವೇಗ. ಫಿಲ್ಮಿನ ಸುಕ್ಕುಗಳ ಚಿತ್ರವೇ ಕವರಿನ ಮೇಲೆ ಅಚ್ಚಾಗಿ ಉಳಿಯುತ್ತದೆ.

ಮುಂದೇನು ಎನ್ನುವುದು ಪಟ್ಟೆಯ ಜಾತಿಯ ಮೇಲೆ ನಿಂತಿದೆ. ಕವರನ್ನು ಪೂರ್ತಿ ಒಣಗಿಸಿ, ಮೂಲ ಬಣ್ಣ ಉಳಿದ ಯಾವುದಾದರೂ ತುಣುಕನ್ನು ಪಟ್ಟೆಯ ಪಕ್ಕಕ್ಕೆ ಹಿಡಿಯಿರಿ. ಬಿಳಿ ಪಟ್ಟೆಯ ಬಣ್ಣವೂ ಮೂಲ ಬಣ್ಣವೂ ಒಂದೇ ಆಗಿದ್ದರೆ ನೀವು ಬಚಾವ್. ಪಟ್ಟೆಯಲ್ಲಿ ಕೆಲಸ ಮುಗಿದಿದೆ, ಉಳಿದ ಕಡೆ ಹಳದಿ ಇನ್ನೂ ಇದೆ ಎಂದರ್ಥ. ಶೇ 3ರ ದ್ರಾವಣದಲ್ಲಿ ಪೂರ್ತಿ ಮುಳುಗಿಸಿ, ಮಂದ ಬಿಸಿಲಿನಲ್ಲಿ, ಗಂಟೆಗೊಮ್ಮೆ ತೆಗೆದು ನೋಡುತ್ತಾ ಹೋಗಿ. ಹಿಂದುಳಿದ ಭಾಗ ನಿಧಾನಕ್ಕೆ ಜೊತೆಗೂಡುತ್ತದೆ.

ಪಟ್ಟೆ ಮೂಲ ಬಣ್ಣಕ್ಕಿಂತಲೂ ಬೆಳ್ಳಗಿದ್ದು, ಬೆರಳಾಡಿಸಿದರೆ ಸುಣ್ಣದ ಗೋಡೆಯಂತೆ ಒಣಒಣ ಎನಿಸಿದರೆ ಮಾತು ಬೇರೆ. ಅಲ್ಲಿ ಬಣ್ಣದ ಕಣಗಳ ಸುತ್ತಲಿನ ಪ್ಲಾಸ್ಟಿಕ್ಕಿನ ಮೇಲ್ಮೈಯೇ ಸವೆದಿದೆ. ಮತ್ತೆ ಪೆರಾಕ್ಸೈಡ್ ಹಾಕಿದಷ್ಟೂ ಹೆಚ್ಚಾಗುತ್ತದೆ. ಇದಕ್ಕೆ ಪೇಂಟ್ ಮಾಡುವುದು, ಇಲ್ಲವೇ ಬೇರೆ ಕವರ್ ಹುಡುಕುವುದು, ಇವೆರಡೇ ಉಳಿದ ದಾರಿ. ಎಣ್ಣೆ ಸವರಿ ಪಟ್ಟೆ ಮರೆಮಾಡುವ ಉಪಾಯ ಎಣ್ಣೆ ಆರುವವರೆಗೆ ಮಾತ್ರ.

ಟಬ್ಬಿನಲ್ಲಿ ಹಿಡಿಯದಷ್ಟು ದೊಡ್ಡದಿದ್ದು ಕ್ರೀಮನ್ನೇ ಬಳಸಬೇಕಾದರೆ ಫಿಲ್ಮ್ ಬಿಟ್ಟುಬಿಡಿ. ಅಗಲದ ಬ್ರಷ್‌ನಿಂದ ಎರಡು ಮೂರು ಮಿ.ಮೀ. ದಪ್ಪಕ್ಕೆ ಹಚ್ಚಿ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಅದೇ ಬ್ರಷ್‌ನಿಂದ ಕಲಸಿ ಹರಡುತ್ತಾ, ಒಣಗುವ ಮೊದಲೇ ಹೊಸ ಕ್ರೀಮ್ ಸೇರಿಸುತ್ತಾ ಇರಿ. ಪಕ್ಕದಲ್ಲೇ ಕೂರಬೇಕಾದ ಕೆಲಸ. ಹಚ್ಚಿಟ್ಟು ಬೇರೆ ಕೆಲಸಕ್ಕೆ ಹೋಗುವ ಹಾಗಿದ್ದರೆ ಶುರುಮಾಡಲೇಬೇಡಿ.

ಪ್ರಶ್ನೆ: ಬಿಸಿಲೇ ಬರದ ಮನೆ. ಯುವಿ ದೀಪ ಸಾಕೇ? ಬಿಸಿನೀರಿನಲ್ಲೂ ಆಗುತ್ತದಂತೆ, ನಿಜವೇ?

ಉತ್ತರ: ಎರಡೂ ನಿಜ. 395ರಿಂದ 405 ನ್ಯಾನೋಮೀಟರಿನ ಎಲ್‌ಇಡಿ ಪಟ್ಟಿಗಳನ್ನು ಒಳಮೈಗೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದ ಪೆಟ್ಟಿಗೆಯಲ್ಲಿ ಜೋಡಿಸಿ, ನಡುವೆ ಟಬ್ಬು ಇಟ್ಟರೆ ಬೆಳಕು ನಾಲ್ಕೂ ಕಡೆಯಿಂದ ಬೀಳುತ್ತದೆ. ಒಂದೇ ದೀಪವನ್ನು ಮೇಲಿನಿಂದ ಬಿಟ್ಟರೆ ನಡುಭಾಗ ಬಿಳುಪಾಗಿ ಬದಿಗಳು ಹಿಂದುಳಿಯುತ್ತವೆ. ಹೊತ್ತು ಬಿಸಿಲಿಗಿಂತ ಹೆಚ್ಚು ಬೇಕು, ಒಂದೆರಡು ದಿನವಾದರೂ ಆಶ್ಚರ್ಯವಿಲ್ಲ. ಆ ನೇರಳೆ ಬೆಳಕನ್ನು ಬರಿಗಣ್ಣಿನಲ್ಲಿ ನೋಡುತ್ತಾ ಕೂರಬೇಡಿ.

ಬಿಸಿಯ ವಿಧಾನಕ್ಕೆ ಬೆಳಕೇ ಬೇಡ. ಉಷ್ಣತೆ 10 ಡಿಗ್ರಿ ಏರಿದರೆ ಪೆರಾಕ್ಸೈಡ್ ಒಡೆಯುವ ವೇಗ ಎರಡು ಪಟ್ಟಿಗೂ ಮಿಗುತ್ತದೆ. ಶೇ 3ರಿಂದ 6ರ ದ್ರಾವಣವನ್ನು 55ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿದಿಟ್ಟರೆ ಕತ್ತಲಲ್ಲೂ ಕೆಲವು ಗಂಟೆಗಳಲ್ಲಿ ಕೆಲಸ ಆಗುತ್ತದೆ. ಎಲ್ಲ ಕಡೆ ಒಂದೇ ಬಿಸಿ ಇರುವುದರಿಂದ ಪಟ್ಟೆಯ ಭಯವೂ ಕಡಿಮೆ. ದ್ರಾವಣದ ಟಬ್ಬನ್ನು ಬಿಸಿನೀರಿನ ಇನ್ನೊಂದು ದೊಡ್ಡ ಟಬ್ಬಿನಲ್ಲಿಟ್ಟು, ಹೊರಗಿನ ನೀರನ್ನು ಮಾತ್ರ ಕಾಯಿಸಿ. ಹೀಟರಿನ ಲೋಹ ಪೆರಾಕ್ಸೈಡಿಗೆ ತಾಗದಿರುವುದು ಇದರ ಲಾಭ. ಎಬಿಎಸ್ ಮೆತ್ತಗಾಗುವುದು 100 ಡಿಗ್ರಿಯ ಆಸುಪಾಸಿನಲ್ಲಿ, ಆದರೆ ತೆಳುವಾದ ಮುಚ್ಚಳಗಳು ಅದಕ್ಕೂ ಬಹಳ ಮೊದಲೇ ಸೊಟ್ಟಗಾಗಬಹುದು. ಹಾಗಾಗಿ 60 ದಾಟಬೇಡಿ, ಥರ್ಮಾಮೀಟರ್ ಇಲ್ಲದೆ ಕೈಹಾಕಬೇಡಿ. ಕಿಟಕಿ ತೆರೆದಿರಲಿ. ಒಲೆಯ ಮೇಲೆ ನೇರವಾಗಿ ಕಾಯಿಸುವುದು ಖಂಡಿತ ಕೂಡದು.

ಪ್ರಶ್ನೆ: ಬಟ್ಟೆಗೆ ಹಾಕುವ ಕಲೆ ತೆಗೆಯುವ ಆಮ್ಲಜನಕದ ಪುಡಿಯಿಂದ ಆಗುತ್ತದೆಯೇ? ಬ್ಲೀಚಿಂಗ್ ದ್ರಾವಣ?

ಉತ್ತರ: ಪುಡಿಯಿಂದ ಆಗುತ್ತದೆ. ಅದು ಸೋಡಿಯಂ ಪರ್ಕಾರ್ಬೊನೇಟ್, ನೀರಿಗೆ ಬಿದ್ದರೆ ವಾಷಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬೇರೆಯಾಗುತ್ತದೆ. ಶುದ್ಧ ಪುಡಿ ಲೀಟರಿಗೆ 100 ಗ್ರಾಂ ಹಾಕಿದರೆ ಶೇ 3ರ ಹತ್ತಿರದ ದ್ರಾವಣ ಸಿಗುತ್ತದೆ. ಅಂಗಡಿಯ ಪೊಟ್ಟಣದಲ್ಲಿ ಬೇರೆ ಸಾಮಗ್ರಿ ಸೇರಿರುವುದರಿಂದ ಅಷ್ಟು ಬಾರದು. ಕ್ಷಾರೀಯವಾದ್ದರಿಂದ ಕೆಲವೇ ಗಂಟೆಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ, ಆಗ ಹೊಸದಾಗಿ ಕಲಸಬೇಕು. ಕೊನೆಗೆ ಚೆನ್ನಾಗಿ ತೊಳೆಯದಿದ್ದರೆ ಸೋಡಾದ ಬಿಳಿಪುಡಿ ಗಾಳಿಕಿಂಡಿಗಳಲ್ಲಿ ಕೂರುತ್ತದೆ.

ಕ್ಲೋರಿನ್ ಬ್ಲೀಚ್ ಬೇಡ. ಈ ಹಳದಿಯನ್ನು ಅದು ತೆಗೆಯುವುದಿಲ್ಲ, ಹೆಚ್ಚಿಸಲೂಬಹುದು. ಪೆರಾಕ್ಸೈಡಿನ ಜೊತೆ ಬ್ಲೀಚ್, ವಿನೆಗರ್, ಅಸಿಟೋನ್ ಯಾವುದನ್ನೂ ಬೆರೆಸಬಾರದು, ಆ ಮಿಶ್ರಣಗಳು ಅಪಾಯಕಾರಿ.

ಪ್ರಶ್ನೆ: ಬಿಚ್ಚಲು ಹೋದರೆ ಸಾಮಾನ್ಯ ಸ್ಕ್ರೂಡ್ರೈವರ್ ಹಿಡಿಯುವುದೇ ಇಲ್ಲ. ಯಾವ ಬಿಟ್ ಬೇಕು?

ಉತ್ತರ: ಸೂಪರ್ ನಿಂಟೆಂಡೊ ಮತ್ತು ನಿಂಟೆಂಡೊ 64 ಕನ್ಸೋಲ್‌ಗಳಿಗೆ 4.5 ಮಿ.ಮೀ. ಗೇಮ್‌ಬಿಟ್ (ಇಂಥ ವಿಶೇಷ ಸ್ಕ್ರೂಗಳಿಗೆಂದೇ ಇರುವ ಬಿಟ್), ಅವುಗಳ ಕ್ಯಾಸೆಟ್‌ಗಳಿಗೆ 3.8 ಮಿ.ಮೀ. ಹಳೆಯ ಗೇಮ್ ಬಾಯ್‌ಗೆ ಮೂರು ಗೆರೆಯ ಟ್ರೈವಿಂಗ್. ಡ್ರೀಮ್‌ಕಾಸ್ಟ್, ಮೊದಲ ಪ್ಲೇಸ್ಟೇಷನ್‌ಗಳಿಗೆ ಮಾಮೂಲಿ ಫಿಲಿಪ್ಸ್ ಸಾಕು. ಡ್ರೀಮ್‌ಕಾಸ್ಟಿನ ನಾಲ್ಕು ಸ್ಕ್ರೂಗಳಲ್ಲಿ ಒಂದು ಮೋಡೆಮ್ಮಿನ ಹಿಂದೆ ಅಡಗಿದೆ. ಅದನ್ನು ಕಾಣದೆ ಕವರನ್ನು ಎಳೆದು ಸೀಳಿಕೊಳ್ಳಬೇಡಿ.

ಡ್ರೀಮ್‌ಕಾಸ್ಟ್, ಮೊದಲ ಪ್ಲೇಸ್ಟೇಷನ್ ಎರಡರಲ್ಲೂ ಪವರ್ ಸಪ್ಲೈ ಒಳಗೇ ಇದೆ. ವೈರ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಹಾಗೆಯೇ ಒಂದಷ್ಟು ಹೊತ್ತು ಬಿಟ್ಟು ಬಿಚ್ಚಿ, ಆ ಬೋರ್ಡನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ಹಾಗೆಯೇ ಪ್ರತಿ ಹಂತದಲ್ಲೂ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ.

ಪ್ರಶ್ನೆ: ಅಚ್ಚಾದ ಲೋಗೊ, ಅಡಿಯ ಸ್ಟಿಕ್ಕರ್, ಬಣ್ಣದ ಬಟನ್‌ಗಳನ್ನೂ ಅದ್ದಬಹುದೇ?

ಉತ್ತರ: ಬಣ್ಣದ ಬಟನ್ ಬೇಡ. ಅಮೆರಿಕದ ಸೂಪರ್ ನಿಂಟೆಂಡೊದ ನೇರಳೆ ಗುಂಡಿಗಳು, ಗೇಮ್ ಬಾಯ್‌ನ ಕೆಂಪುಛಾಯೆಯ ಎ, ಬಿ ಬಟನ್‌ಗಳು ಪೆರಾಕ್ಸೈಡಿನಲ್ಲಿ ಮಂಕಾಗುತ್ತವೆ. ಅವಕ್ಕೆ ಸೋಪುನೀರೇ ಸಾಕು. ಕಪ್ಪು ಕನ್ಸೋಲ್‌ಗಳಿಗೂ ಇದೇ ಮಾತು. ಅವು ಹಳದಿಯಾಗುವ ಪ್ರಶ್ನೆಯೇ ಇಲ್ಲ, ಅದ್ದಿದರೆ ಬೂದಿ ಬಳಿದಂತಾಗುತ್ತದೆ.

ಅಚ್ಚಾದ ಅಕ್ಷರ ತೆಳುವಾದ ಶೇ 3–6ರಲ್ಲಿ ಸಾಮಾನ್ಯವಾಗಿ ಉಳಿಯುತ್ತದೆ, ಅದ್ದಿರುವಾಗ ಅದನ್ನು ಉಜ್ಜದಿದ್ದರೆ. ಕ್ರೀಮ್ ಹಚ್ಚುವವರಿಗೆ ಅಪಾಯ ಹೆಚ್ಚು, ಬ್ರಷ್ ಅದರ ಮೇಲೆಯೇ ಓಡಾಡುತ್ತದಲ್ಲ. ಲೋಗೊ ಮೇಲೆ ಟೇಪ್ ಅಂಟಿಸಿದರೆ ಅಕ್ಷರವೇನೋ ಉಳಿಯುತ್ತದೆ, ಆದರೆ ಟೇಪಿನ ಆಕಾರದ ಹಳದಿ ಚೌಕವೂ ಉಳಿಯುತ್ತದೆ. ನಮ್ಮ ಸಲಹೆ: ಟೇಪ್ ಬೇಡ, ದ್ರಾವಣ ತೆಳುವಾಗಿರಲಿ.

ಅಡಿಯ ಸ್ಟಿಕ್ಕರನ್ನು ಹೇರ್‌ಡ್ರೈಯರ್‌ನಿಂದ ಉಗುರುಬೆಚ್ಚಗೆ ಮಾಡಿ, ಒಂದು ಮೂಲೆಯಿಂದ ಮಟ್ಟಸವಾಗಿ ಎಬ್ಬಿಸಿ ಮೇಣದ ಕಾಗದದ ಮೇಲೆ ಅಂಟಿಸಿಡಿ. ಏಳಲು ಹಟ ಹಿಡಿದರೆ ಬಿಟ್ಟುಬಿಡಿ, ಯಾರೂ ನೋಡದ ಅಡಿಭಾಗಕ್ಕಾಗಿ ಸೀರಿಯಲ್ ನಂಬರ್ ಹರಿದುಕೊಳ್ಳುವುದು ನಷ್ಟದ ವ್ಯಾಪಾರ. ಕ್ಯಾಸೆಟ್‌ಗಳ ಕಾಗದದ ಲೇಬಲ್ ಮಾತ್ರ ಎಬ್ಬಿಸಲು ಹೋಗಬೇಡಿ. ಹಿಂಭಾಗದ ಅರ್ಧವನ್ನು ಬಿಚ್ಚಿ ಅದ್ದಿ, ಲೇಬಲ್ ಇರುವ ಅರ್ಧದ ಹಳದಿಯನ್ನು ಹಾಗೇ ಒಪ್ಪಿಕೊಳ್ಳುವುದು ಲೇಸು.

ಪ್ರಶ್ನೆ: ಬೆಳ್ಳಗಾಗಿದ್ದ ಡ್ರೀಮ್‌ಕಾಸ್ಟ್ ಕಪಾಟಿನಲ್ಲೇ ಇದ್ದು ಮತ್ತೆ ಹಳದಿಯಾಗಿದೆ. ಮೇಲೆ ಕ್ಲಿಯರ್ ಕೋಟ್ ಹೊಡೆದಿದ್ದರೆ ತಡೆಯಬಹುದಿತ್ತೇ?

ಉತ್ತರ: ಪೆರಾಕ್ಸೈಡ್ ತೆಗೆಯುವುದು ಬಣ್ಣವನ್ನು, ಮುಪ್ಪನ್ನಲ್ಲ. ಹಳದಿಯಾಗಿ ಕಾಣುವ ಅಣುಗಳನ್ನು ಅದು ಒಡೆದು ಬಣ್ಣವಿಲ್ಲದ ರೂಪಕ್ಕೆ ತರುತ್ತದೆ. ಆದರೆ ಆ ಅಣುಗಳನ್ನು ಹುಟ್ಟಿಸಿದ ಬ್ಯುಟಡೈಯೀನ್, ಬ್ರೋಮಿನ್ ಸಂಯುಕ್ತ, ಗಾಳಿಯ ಆಮ್ಲಜನಕ ಮೂರೂ ಅಲ್ಲೇ ಇವೆ. ಕಪಾಟಿನ ಕತ್ತಲಲ್ಲೂ ಕೆಲಸ ಮುಂದುವರಿಯುತ್ತದೆ. ಕೆಲವು ಕವರ್‌ಗಳು ವರ್ಷಗಟ್ಟಲೆ ಹಾಗೇ ಉಳಿಯುತ್ತವೆ, ಕೆಲವು ತಿಂಗಳುಗಳಲ್ಲೇ ತಿರುಗುತ್ತವೆ. ಬ್ಯಾಚಿನ ಮಾತನ್ನು ಮೊದಲ ಉತ್ತರದಲ್ಲೇ ಹೇಳಿದ್ದೇವೆ.

ಕ್ಲಿಯರ್ ಕೋಟ್ ಹೊರಗಿನ ಯುವಿಯನ್ನು ಸ್ವಲ್ಪ ತಡೆದೀತು. ಪ್ಲಾಸ್ಟಿಕ್ಕಿನ ಒಳಗಿನದನ್ನು, ಒಳಮೈಯಿಂದ ಬರುವ ಗಾಳಿಯನ್ನು ತಡೆಯುವುದಿಲ್ಲ. ಅದರ ಜೊತೆ ಕವರಿನ ತರಿಯೂ ಮುಚ್ಚಿಹೋಗಿ ಆಟಿಕೆಯ ಹೊಳಪು ಬರುತ್ತದೆ. ಮುಂದೆ ಮತ್ತೆ ಪೆರಾಕ್ಸೈಡ್ ಮಾಡಬೇಕೆಂದರೆ ಆ ಪದರವೇ ಅಡ್ಡ. ನಾವು ಬೇಡ ಎನ್ನುತ್ತೇವೆ.

ನಿಮ್ಮ ಡ್ರೀಮ್‌ಕಾಸ್ಟಿಗೆ ಇನ್ನೊಮ್ಮೆ ಅದ್ದುವ ಮೊದಲು ಯೋಚಿಸಿ. ಪ್ರತಿ ಸಲವೂ ಮೇಲ್ಮೈಯ ಒಂದಿಷ್ಟು ಸವೆಯುತ್ತದೆ. ತಿಳಿ ಹಳದಿಯಾದರೆ ಪೆರಾಕ್ಸೈಡೇ ಇಲ್ಲದೆ, ಬರೀ ತಣ್ಣೀರಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟು ನೋಡಿ. ಕೆಲವು ಪ್ಲಾಸ್ಟಿಕ್‌ಗಳಲ್ಲಿ ಬಿಸಿಲಿನ ಬೆಳಕೇ ಹಳದಿಯನ್ನು ಕಡಿಮೆ ಮಾಡುತ್ತದೆ. ಹಳದಿಗೆ ಕಾರಣವಾದ ಬಿಸಿಲೇ ಹಳದಿಯನ್ನು ತೆಗೆಯುವುದು ವಿಚಿತ್ರವೆನಿಸಬಹುದು, ಆದರೆ ಯುವಿ ಹಳದಿಯನ್ನು ಹುಟ್ಟಿಸಿದರೆ, ಕಣ್ಣಿಗೆ ಕಾಣುವ ನೀಲಿ ಬೆಳಕನ್ನು ಹೀರಿದ ಹಳದಿ ಅಣು ತಾನೇ ಒಡೆಯುತ್ತದೆ. ನೀರು ಕವರ್ ಕಾಯದಂತೆ ನೋಡಿಕೊಳ್ಳುತ್ತದೆ. ವಾರಗಟ್ಟಲೆ ಹಿಡಿಯಬಹುದು, ಪಟ್ಟೆ ಬೀಳುವುದಿಲ್ಲ.

ಪ್ರಶ್ನೆ: ಎಲ್ಲ ಸರಿಯಾಗಿ ಮುಗಿಸಿ ಸ್ಕ್ರೂ ಬಿಗಿಯುವಾಗ ಒಳಗಿನ ಕಂಬವೇ ಮುರಿಯಿತು. ಪೆರಾಕ್ಸೈಡಿನಿಂದ ಪ್ಲಾಸ್ಟಿಕ್ ಸೊರಗಿತೇ?

ಉತ್ತರ: ಸ್ವಲ್ಪ ಇರಬಹುದು, ಆದರೆ ಪೂರ್ತಿ ತಪ್ಪು ಅದರದ್ದಲ್ಲ. ಹಳದಿಯಾಯಿತೆಂದರೆ ಅಷ್ಟರಮಟ್ಟಿಗೆ ರಬ್ಬರಿನ ಭಾಗ ಸತ್ತಿದೆ ಎಂದೇ ಅರ್ಥ, ಅದ್ದುವ ಮೊದಲೇ ಪ್ಲಾಸ್ಟಿಕ್ ಗಡುಸಾಗಿರುತ್ತದೆ. ಸ್ಕ್ರೂ ಕೂರಿಸುವಾಗ ಮೊದಲು ಎಡಕ್ಕೆ ತಿರುಗಿಸಿ. ಹಳೆಯ ಮರೆಯೊಳಗೆ, ಅಂದರೆ ಸ್ಕ್ರೂ ಮೊದಲೇ ಕೊರೆದ ಸುರುಳಿ ಗೆರೆಯೊಳಗೆ, 'ಟಿಕ್' ಎಂದು ಇಳಿದದ್ದು ಕೈಗೆ ತಿಳಿಯುತ್ತದೆ, ಅಲ್ಲಿಂದ ಬಲಕ್ಕೆ ತಿರುಗಿಸಿ. ನೇರ ಬಲಕ್ಕೆ ಒತ್ತಿದರೆ ಸ್ಕ್ರೂ ಹೊಸ ಮರೆ ಕೊರೆಯುತ್ತದೆ, ಕಂಬ ಸೀಳುವುದು ಆಗಲೇ. ತಲೆ ಕೂತ ಕೂಡಲೇ ನಿಲ್ಲಿಸಿ, ಕಾಲು ಸುತ್ತಿಗಿಂತ ಹೆಚ್ಚು ಬಿಗಿಯಬೇಡಿ. ವಿದ್ಯುತ್ ಸ್ಕ್ರೂಡ್ರೈವರ್ ಬೇಡ.

ಮುರಿದ ಕಂಬದ ತುಣುಕು ಉಳಿದಿದ್ದರೆ ಎಬಿಎಸ್‌ಗೆಂದೇ ಇರುವ ಸಾಲ್ವೆಂಟ್ ಅಂಟು ಹಚ್ಚಿ, ಒಂದು ದಿನ ಅಲುಗಾಡಿಸದೆ ಬಿಡಿ. ಸೂಪರ್‌ಗ್ಲೂ ಬೇಗ ಹಿಡಿಯುತ್ತದೆ, ಆದರೆ ತಿರುಚುವ ಒತ್ತಡಕ್ಕೆ ಅಷ್ಟೇ ಬೇಗ ಬಿಡುತ್ತದೆ. ಸುತ್ತಲೂ ಬಿಳಿ ಮಂಜಿನಂಥ ಕಲೆಯನ್ನೂ ಬಿಡುತ್ತದೆ. ಹೊರಗೆ ಎಪಾಕ್ಸಿಯ ಸಣ್ಣ ಬಳೆ ಕಟ್ಟಿದರೆ ಕಂಬಕ್ಕೆ ಇನ್ನಷ್ಟು ಬಲ.

ಪ್ರಶ್ನೆ: ಉಳಿದ ದ್ರಾವಣವನ್ನು ಏನು ಮಾಡುವುದು?

ಉತ್ತರ: ಸತ್ವ ಇದ್ದರೆ ಮತ್ತೊಮ್ಮೆ ಬಳಸಬಹುದು. ಗಾಳಿ ಹೊರಹೋಗುವ ಮುಚ್ಚಳವಿರುವ ಬಾಟಲಿಯಲ್ಲಿ, ತಂಪಾದ ಕತ್ತಲ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ, ಹೆಸರು ಮತ್ತು ಶೇಕಡಾ ಬರೆದು ಇಡಿ. ನೀರಿನ ಬಾಟಲಿಗೆ ತುಂಬಲೇಬೇಡಿ. ಬಳಸಿದ್ದನ್ನು ಹೊಸ ಪೆರಾಕ್ಸೈಡಿನ ಬಾಟಲಿಗೆ ಮರಳಿ ಸುರಿಯಬೇಡಿ, ಅದರಲ್ಲಿರುವ ಕೊಳೆ ಹೊಸದನ್ನೂ ಒಡೆಯುತ್ತದೆ. ಬೇಡವೆಂದರೆ ಹತ್ತು ಪಟ್ಟು ನೀರು ಬೆರೆಸಿ ಚರಂಡಿಗೆ ಬಿಡಿ, ಕೊನೆಗೆ ಉಳಿಯುವುದು ನೀರು ಮತ್ತು ಆಮ್ಲಜನಕ ಮಾತ್ರ.